ನೆರವು ಹೆಚ್ಚೋ, ಕೂಲಿ ಕಮ್ಮಿಯೋ?

“ಕೂತು ತಿನ್ನೋರಿಗೆ ಕೈತುಂಬ, ಬೆನ್ನು ಮುರಿಯೋರಿಗೆ ಚೂರುಪಾರು! ಇದ್ಯಾವ ಸೀಮೆ ನ್ಯಾಯ ಕಣೇ?”

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಬಿಸಿ ಬೆಡ್‌ಶೀಟಿನ ಎರಡು ತುದಿ ಹಿಡಿದು ದೊಡ್ಡ ಸೊಸೆ ರೇಗುತ್ತಿದ್ದಳು. ಇನ್ನೆರಡು ತುದಿ ಅದೇ ಮನೆಯ ಚಿಕ್ಕ ಸೊಸೆಯ ಕೈಯಲ್ಲಿ. ಮಡಚಲು ಇಬ್ಬರೂ ಹತ್ತಿರ ಬಂದಾಗಲೆಲ್ಲ ದೊಡ್ಡವಳು ಒಂದು ಮಾತು ಸಿಡಿಸುತ್ತಿದ್ದಳು. ದೂರ ಸರಿದಾಗ ಇನ್ನೂ ಜೋರಾಗಿ.

ಅವಳ ಸಿಟ್ಟು ಕೆಳಮನೆಯವಳ ಮೇಲೆ. ಆಕೆಯ ಗಂಡ ಕಟ್ಟಡದ ಮೇಲಿಂದ ಬಿದ್ದು ಹಾಸಿಗೆ ಹಿಡಿದಿದ್ದಾನೆ. ನಾಲ್ಕು ಮಕ್ಕಳು. ಅವರಿಗೆ ಬರುವ ಸರ್ಕಾರದ ನೆರವು ದೊಡ್ಡ ಸೊಸೆಯ ಸಂಬಳಕ್ಕಿಂತ ಒಂದು ಕೈ ಹೆಚ್ಚು. ಅದನ್ನು ಕತ್ತರಿಸಬೇಕೆಂದು ಅಂದು ಸಂಜೆ ವಾರ್ಡ್ ಸಭೆಯಲ್ಲಿ ಕೈ ಎತ್ತಿಸಲಿದ್ದರು.

“ನಾನಂತೂ ಎರಡೂ ಕೈ ಎತ್ತುತೀನಿ!”

“ಅಕ್ಕಾ, ಆ ಮನೇಲಿ ಬಾಯಿ ಆರು. ಮಲಗಿದವನನ್ನ ಎತ್ತಿ, ಉಣಿಸಿ, ತೊಳೆಯೋಳಿಗೆ ಕೂರೋಕೆ ಪುರುಸೊತ್ತೆಲ್ಲಿದೆ?”

“ನಮ್ಮನೇಲೇನು ಬಾಯಿ ಹೊಲ್ಕೊಂಡು ಕೂತಿದ್ದಾರಾ?”

“ದುಡಿಯೋರಿಗೂ ಮಕ್ಕಳ ಭತ್ಯೆ ಇದೆ, ಕೇಳು ಅಂತ ಬಾಯಿ ನೋಯೋ ಹಾಗೆ ಹೇಳಿದೆ. ನೀನೇ ‘ನಾವೇನು ತಿರುಪೆಯೋರಾ’ ಅಂದೆ.”

ದೊಡ್ಡವಳು ಬೆಡ್‌ಶೀಟ್ ಜಗ್ಗಿದಳು. “ಹಾಗಾದ್ರೆ ದುಡಿದೋರಿಗೆ ಹೆಚ್ಚು ಸಿಗಬಾರದಾ?”

“ಸಿಗಲೇಬೇಕು! ಆದ್ರೆ ಅವಳ ತಟ್ಟೆಯ ತುತ್ತು ಕಿತ್ತರೆ ನಿನ್ನ ತಟ್ಟೆಗೆ ಬೀಳುತ್ತಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!”

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. “ಬೇಗ ಹೊರಡ್ರಮ್ಮಾ. ಸಭೆಗೆ ನಮ್ಮ ಲಾಂಡ್ರಿ ಸಾಹುಕಾರರು ವ್ಯಾನ್ ಕೊಟ್ಟಿದ್ದಾರೆ. ಸಂಬಳ ಹಿಡಿಯಲ್ಲ. ಎಲ್ರೂ ಕೈ ಎತ್ತಬೇಕಂತೆ.”

ದೊಡ್ಡ ಸೊಸೆ ನಿಂತಲ್ಲೇ ನಿಂತಳು. “ಮಗೂಗೆ ಜ್ವರ ಅಂದ್ರೆ ಅರ್ಧ ಗಂಟೆ ಬಿಡದ ಮಹಾನುಭಾವ, ಇವತ್ತು ವ್ಯಾನ್ ಕೊಟ್ಟನಾ?”

“ಕೊಡದೆ ಏನು? ನೆರವು ಇಳಿದ್ರೆ ತಾನು ಕೊಡೋ ಸಂಬಳ ದೊಡ್ಡದಾಗಿ ಕಾಣುತ್ತಲ್ಲ” ಎಂದಳು ಚಿಕ್ಕವಳು.

ಸಭೆಯಲ್ಲಿ ದೊಡ್ಡ ಸೊಸೆ ಕೈ ಎತ್ತಲಿಲ್ಲ, ಎದ್ದೇ ನಿಂತಳು. “ನೆರವು ಕೂಲಿಗಿಂತ ಹೆಚ್ಚಿರಬಾರದು, ಒಪ್ಪಿದೆ. ಹಾಗಾದ್ರೆ ಕೂಲಿ ಏರಿಸಿ! ಸಾಹುಕಾರರೇ, ಅದಕ್ಕೆ ಮೊದಲು ನೀವು ಕೈ ಎತ್ತಿ.”

ಸಾಹುಕಾರರು ತಿರುಗುವ ಫ್ಯಾನ್ ನೋಡತೊಡಗಿದರು. ಸಭೆ ಗೊಳ್ಳೆಂದಿತು. ನೆರವು ಕತ್ತರಿಸಲು ಎದ್ದ ಕೈಗಳು ಒಂದೊಂದಾಗಿ ಇಳಿದವು.

ಮನೆಗೆ ಬಂದ ದೊಡ್ಡ ಸೊಸೆ ತಾವೂ ಮಕ್ಕಳ ಭತ್ಯೆ ಕೇಳೋಣವೆಂದಾಗ ಗಂಡ ಮುಖ ಗಂಟಿಕ್ಕಿದ. “ಭತ್ಯೆ ಕೇಳೋದಾ? ಮರ್ಯಾದೆ ಏನಾಗ್ಬೇಕು?”

“ಮರ್ಯಾದೆ ಬೇಯಿಸಿದ್ರೆ ಎಷ್ಟು ಜನಕ್ಕಾಗುತ್ತೆ, ಹೇಳಿ ನೋಡೋಣ!”

ಬೆಳಿಗ್ಗೆ ಅವನೇ ಹೋಗಿ ಭತ್ಯೆಯ ಸಾಲಿನಲ್ಲಿ ನಿಂತ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಪಕ್ಕದ ಮನೆ ನೋಡಿ ನಿಮಗೂ ಹೊಟ್ಟೆ ಉರಿದೀತು. ದುಡಿಮೆಗೆ ಹೆಚ್ಚು ಸಿಗಬೇಕೆನ್ನುವುದು ನ್ಯಾಯವೇ. ಗಟ್ಟಿಯಾಗಿ ಕೇಳಿ. ಆದರೆ ಕೂಲಿ ಕೊಡುವವರನ್ನು ಕೇಳಿ. ನಿಮಗೆ ಸಲ್ಲುವ ಭತ್ಯೆಯನ್ನೂ ನಾಚದೆ ಪಡೆಯಿರಿ. ಹಾಸಿಗೆ ಹಿಡಿದವನ ಮನೆಯ ಒಲೆ ಆರಿಸಿದರೆ ಯಾರ ಮನೆಯ ಅಡುಗೆಯೂ ಬೇಯುವುದಿಲ್ಲ.