ಕೋವಿಗೆ ಬಂದ ಗಿರಾಕಿ

ಊರ ಮನೆಯ ಬಾಗಿಲಿಗೆ ಪೊಲೀಸರು ಅಂಟಿಸಿ ಹೋದ ನೋಟಿಸಿನ ಫೋಟೊವನ್ನು ಪಕ್ಕದ ಮನೆಯವರು ಕಾಂತಾಮಣಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಗಂಡ ನಾಗಾರ್ಜುನ ಸತ್ತು ಹತ್ತು ತಿಂಗಳಾಗಿತ್ತು. ಅವನ ಒಂಟಿ ನಳಿಗೆಯ ಕೋವಿಗೆ ಇನ್ನು ಲೈಸೆನ್ಸ್ ಇಲ್ಲ. ಲೈಸೆನ್ಸ್ ಇದ್ದವರಿಗೆ ಮಾರಬೇಕು, ಇಲ್ಲವಾದರೆ ಠಾಣೆಗೆ ಒಪ್ಪಿಸಬೇಕು ಎಂದು ಬರೆದಿತ್ತು. ಕೋವಿ ಬೀಗ ಹಾಕಿದ ಮನೆಯ ಕಬ್ಬಿಣದ ಕಪಾಟಿನಲ್ಲಿತ್ತು. ಕಪಾಟಿನ ಕೀ ಅವಳಿದ್ದ ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ, ಅವಳ ವ್ಯಾನಿಟಿ ಬ್ಯಾಗಿನಲ್ಲಿತ್ತು.

ಅದೇ ವಾರ ಅವಳು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ತುಕ್ರ ಬಂದ. ಅವರದೇ ಊರಿನವನು. ದೋಹಾದಿಂದ ದೂರ, ಉತ್ತರದ ಅಲ್ ಶಮಾಲಿನ ಒಂದು ತರಕಾರಿ ಫಾರ್ಮಿನಲ್ಲಿ ಕೂಲಿ. ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರೂ ಕುರ್ಚಿಯಲ್ಲಿ ಕೂರದೆ ಕೌಂಟರಿನ ಮುಂದೆ ನಿಂತೇ ಇದ್ದ.

"ಅಮ್ಮಾ, ಧಣಿಗಳ ಕೋವಿ ಕೊಡ್ಲಿಕ್ಕುಂಟಂತೆ. ನನಗೆ ಕೊಡಿ."

"ಲೈಸೆನ್ಸ್ ಉಂಟಾ ನಿನ್ನ ಹತ್ರ?"

"ಇಲ್ಲ. ಕೀ ಕೊಟ್ರೆ ಸಾಕು. ಜುಲೈಯಲ್ಲಿ ರಜೆಗೆ ಹೋದಾಗ ನಾನೇ ತೆಗೀತೇನೆ. ರೇಟು ನೀವು ಹೇಳಿದ್ದು."

"ಎಂತಕ್ಕೆ ನಿನಗೆ ಕೋವಿ?"

"ಹಂದಿಗೆ."

"ನಿನ್ನ ಮೂರು ಸೆಂಟ್ಸ್ ಜಾಗಕ್ಕೆ ಹಂದಿ ಬಂದು ಎಂತ ತಿಂತದೆ ತುಕ್ರ?"

ಉತ್ತರ ಅವಳಿಗೆ ಗೊತ್ತಿತ್ತು. ಹಿಂದಿನ ಆಗಸ್ಟಿನಲ್ಲಿ ಅವನ ತಮ್ಮ ಚನಿಯ, ಬಿಸಿಲಿಗೆ ಕೆಲಸ ನಿಲ್ಲಿಸಬೇಕಾದ ನಡುಮಧ್ಯಾಹ್ನದಲ್ಲಿ, ದೋಹಾದಲ್ಲೇ ಕಟ್ಟಡವೊಂದರ ಅಟ್ಟಣಿಗೆಯಿಂದ ಬಿದ್ದು ಸತ್ತಿದ್ದ. ಆ ಕಟ್ಟಡದ ಸೇಫ್ಟಿ ಆಫೀಸರ್ ಕಾಂತಾಮಣಿಯ ಮೈದುನ ಯಜ್ಞೇಶ. ಅವನು ರಿಪೋರ್ಟಿನಲ್ಲಿ ಬರೆದದ್ದು: ಕುಡಿದಿದ್ದ, ಯಾರೂ ಹೇಳದೆ ಹತ್ತಿದ್ದ. ಚನಿಯ ಜನ್ಮದಲ್ಲಿ ಕುಡಿದವನಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ಜುಲೈಯಲ್ಲಿ ಯಜ್ಞೇಶನೂ ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೋಗುವವನಿದ್ದ. ಅದೂ ಗೊತ್ತಿತ್ತು.

ಬೈದು ಕಳಿಸಬೇಕೆಂದು ಕಾಂತಾಮಣಿ ಬಾಯಿ ತೆರೆದಳು. ಬಾಯಿಂದ ಬಂದದ್ದು ಮಾತ್ರ "ನೋಡುವಾ. ಫೋನ್ ಮಾಡು" ಎಂಬ ಮಾತು.

ಯಜ್ಞೇಶನ ಮೇಲೆ ಅವಳದ್ದೂ ಒಂದು ಲೆಕ್ಕವಿತ್ತು. ನಾಗಾರ್ಜುನ ಊರಿನಲ್ಲಿ ಎದೆನೋವಿನಿಂದ ಸತ್ತ ದಿನ ಅವಳು ಅಳುತ್ತಳುತ್ತಲೇ ಟಿಕೆಟ್ ಮಾಡಿಸಿ, ಮರುದಿನ ಬೆಳಗ್ಗೆ ಮಂಗಳೂರಿಗೆ ಇಳಿಯುತ್ತೇನೆಂದು ಹೇಳಿದ್ದಳು. ರಜೆಯಲ್ಲಿ ಅಲ್ಲೇ ಇದ್ದ ಯಜ್ಞೇಶ ಆ ಸಂಜೆಯೇ ಅಣ್ಣನನ್ನು ಸುಟ್ಟು ಮುಗಿಸಿದ. ಅವನ ರಜೆ ಮುಗಿದಿತ್ತು, ಮರುದಿನ ಫ್ಲೈಟ್ ಇತ್ತು. ಅವಳು ಅಂಗಳಕ್ಕೆ ಕಾಲಿಡುವಾಗ ಅವನು ಸೂಟ್‌ಕೇಸಿನ ಜಿಪ್ ಎಳೆಯುತ್ತಿದ್ದ. "ಕಾದು ಎಂತ ಮಾಡ್ಲಿಕ್ಕೆ ಅತ್ತಿಗೆ? ನೋಡಿದ್ರೆ ನಿಮಗೆ ಇನ್ನೂ ಸಂಕಟ" ಎಂದಿದ್ದ.

ಆದರೂ ಶುಕ್ರವಾರದ ಊಟಕ್ಕೆ ಐನ್ ಖಾಲಿದಿನ ಅವನ ಮನೆಗೆ ಹೋಗುವುದನ್ನು ಅವಳು ಬಿಟ್ಟಿರಲಿಲ್ಲ. ದೋಹಾದಲ್ಲಿ ತನ್ನವರೆಂದು ಅವಳಿಗೆ ಇದ್ದದ್ದು ಅದೊಂದೇ ಮನೆ. ಆ ಶುಕ್ರವಾರ ಯಜ್ಞೇಶನ ಹೆಂಡತಿ ಅಕ್ಷಯಾ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಳು.

"ನಿನ್ನ ಅಣ್ಣನ ಕೋವಿಗೆ ಗಿರಾಕಿ ಬಂದಿದೆ. ನಮ್ಮ ತುಕ್ರ, ಚನಿಯನ ಅಣ್ಣ" ಎಂದಳು ಕಾಂತಾಮಣಿ.

ಯಜ್ಞೇಶನ ಕೈ ತಟ್ಟೆಯಲ್ಲೇ ನಿಂತಿತು. "ಅವನಿಗೆಂತಕ್ಕೆ?"

"ಹಂದಿಗಂತೆ."

"ಕೊಡ್ಬೇಡಿ ಅತ್ತಿಗೆ. ಅವನಿಗೆ ತಲೆ ಸರಿ ಇಲ್ಲ."

"ನೋಡುವಾ. ಇನ್ನೂ ಎಂತದೂ ಹೇಳ್ಲಿಲ್ಲ ನಾನು."

ಅವನು ಮೀನು ಬಿಟ್ಟು ಎದ್ದ. ಕಾಂತಾಮಣಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು. ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಅವಳಿಗೆ ಊಟ ರುಚಿಸಿತ್ತು.

ಆಮೇಲೆ ಅದೊಂದು ಚಟದ ಹಾಗಾಯಿತು. ತುಕ್ರ ಫೋನ್ ಮಾಡಿದರೆ "ಯೋಚನೆ ಮಾಡ್ತಾ ಇದ್ದೇನೆ" ಎನ್ನುವುದು, ಶುಕ್ರವಾರ ಬಂದರೆ ಅದನ್ನೇ ಸ್ವಲ್ಪ ಬೆಳೆಸಿ ಯಜ್ಞೇಶನಿಗೆ ಬಡಿಸುವುದು. ಒಂದು ವಾರ, ತುಕ್ರ ಕೋವಿಗೆ ತೋಟಾ ಎಲ್ಲಿ ಸಿಗುತ್ತದೆಂದು ಕೇಳಿದನೆಂದಳು, ಅವನು ಕೇಳಿರಲಿಲ್ಲ. ಇನ್ನೊಂದು ವಾರ, ನಿನ್ನ ಫ್ಲೈಟ್ ಯಾವ ದಿನವೆಂದು ವಿಚಾರಿಸಿದನೆಂದಳು, ಅದೂ ಸುಳ್ಳೇ. ಯಜ್ಞೇಶ ಸೊರಗಿದ. ಅವಳನ್ನು ಕಾರಿನಲ್ಲಿ ಮನೆಗೆ ಬಿಡತೊಡಗಿದ, ದಾರಿಯಲ್ಲಿ ಹಣ್ಣು ಕೊಡಿಸಿದ. ಒಂದು ದಿನ ಸಿಗ್ನಲಿನಲ್ಲಿ ಕಾರು ನಿಂತಾಗ, "ಅವತ್ತು ನಾನು ಕಾಯ್ಬೇಕಿತ್ತು ಅತ್ತಿಗೆ. ತಪ್ಪಾಯ್ತು" ಎಂದ.

ಈ ಮಾತಿಗಾಗಿ ಅವಳು ಎಷ್ಟು ದಿನ ಕಾದಿದ್ದಳೋ. ಕಿವಿಗೆ ಬಿದ್ದಾಗ ಮಾತ್ರ ಸಾಕೆನಿಸಲಿಲ್ಲ. ಹೆದರಿ ಹೇಳಿದ್ದು, ಇನ್ನೂ ಹೆದರಲಿ ಎಂದುಕೊಂಡಳು.

ಕೋವಿ ಕೊಡುವ ಮನಸ್ಸು ಅವಳಿಗೆ ನಿಜವಾಗಿ ಇತ್ತೇ? ಕೆಲವು ದಿನ ಇತ್ತು. ಕೀಯನ್ನು ಹೊರತೆಗೆದು, ಇದನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟರೆ ಮುಗಿಯಿತು ಎಂದು ನೋಡುತ್ತ ಕೂತದ್ದಿತ್ತು. ಆಗ ಯಜ್ಞೇಶನ ಪುಟ್ಟ ಮಗಳ ನೆನಪಾಗಿ ಕೀ ಒಳಗೆ ಹೋಗುತ್ತಿತ್ತು. ತುಕ್ರನ ನೆನಪು ಮಾತ್ರ ಆಗುತ್ತಿರಲಿಲ್ಲ. ಅವನು ಸಿಕ್ಕಿಬಿದ್ದರೆ ಏನಾದೀತು, ಅವನಿಗೆ ಹೆಂಡತಿ ಮಕ್ಕಳಿದ್ದಾರೆಯೇ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಜೂನ್ ಮೊದಲ ವಾರ ತುಕ್ರನಿಂದ ವಾಯ್ಸ್ ಮೆಸೇಜ್ ಬಂತು. ತುಳುವಿನಲ್ಲಿ, ಮೆಲ್ಲಗೆ ಹೇಳಿದ್ದ: "ಅಮ್ಮಾ, ಹೂಂ ಅಥವಾ ಉಹೂಂ, ಯಾವುದಾದ್ರೂ ಒಂದು ಹೇಳಿ. ರಾತ್ರಿ ಕಣ್ಣು ಮುಚ್ಚಿದ್ರೆ ತಮ್ಮ ಬಂದು ಕಾಲಡಿ ಕೂರ್ತಾನೆ. ನೀವು ಕೋವಿ ಕೊಡುದಿಲ್ಲ ಅಂತ ಹೇಳಿದ್ರೆ ನಾನು ಎಲ್ಲ ಬಿಟ್ಟುಬಿಡ್ತೇನೆ, ದೇವರಾಣೆ."

ಬಿಡಿಸಿಕೊಳ್ಳಲು ಅವನು ದಾರಿ ಕೇಳುತ್ತಿದ್ದ. ಉಹೂಂ ಎಂಬ ಒಂದು ಮಾತು ಸಾಕಿತ್ತು. ಕಾಂತಾಮಣಿ ಆ ಮೆಸೇಜನ್ನು ಎರಡು ಸಲ ಕೇಳಿ, ಮೂರನೆಯ ಸಲ ಕೊನೆಯ ವಾಕ್ಯ ಬರುವ ಮುಂಚೆ ನಿಲ್ಲಿಸಿ, ಅಷ್ಟನ್ನೇ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಯಜ್ಞೇಶನಿಗೆ ಕಳಿಸಿದಳು. ತುಕ್ರನಿಗೆ ಉತ್ತರ ಕೊಡಲಿಲ್ಲ.

ಮುಂದಿನ ಶುಕ್ರವಾರ ಅವಳು ಹೋದಾಗ ಯಜ್ಞೇಶ ಶೇವ್ ಮಾಡಿಕೊಂಡು, ಹೊಸ ಟೀ ಶರ್ಟ್ ಹಾಕಿಕೊಂಡು ಬಾಗಿಲು ತೆರೆದ.

"ಖಲಾಸ್ ಅತ್ತಿಗೆ, ನೀವಿನ್ನು ಟೆನ್ಶನ್ ಮಾಡ್ಬೇಡಿ. ಅವನ ಫಾರ್ಮಿನ ಮ್ಯಾನೇಜರಿಗೆ ನೀವು ಕಳಿಸಿದ್ದು ಕೇಳಿಸಿದೆ. ತುಳು ಅವರಿಗೆಂತ ಗೊತ್ತು? ನಾನೇ ಅರ್ಥ ಹೇಳಿದೆ. ಪೊಲೀಸರು ಒಂಬತ್ತು ದಿನ ಒಳಗಿಟ್ಟು, ವೀಸಾ ಕ್ಯಾನ್ಸಲ್ ಮಾಡಿ ಓಡಿಸ್ತಾರಂತೆ. ನಿಮ್ಮ ಹೆಸರು ಎಲ್ಲಿಯೂ ಬಾರದ ಹಾಗೆ ನೋಡ್ಕೊಂಡಿದ್ದೇನೆ."

"ಎಂತ ಅರ್ಥ ಹೇಳಿದೆ?"

"ಮ್ಯಾನೇಜರನ್ನೇ ಕೊಲ್ತೇನೆ ಅಂತ ಹೇಳ್ತಾ ಇದ್ದಾನೆ ಅಂದೆ." ಯಜ್ಞೇಶ ನಕ್ಕ. "ಅಕ್ಷಯಾ, ಅತ್ತಿಗೆಗೆ ಮೀನು ಹಾಕು. ಅವರಿಂದಾಗಿ ನಾವು ಉಳ್ಕೊಂಡದ್ದು."

ಅಕ್ಷಯಾ ಕಣ್ಣೊರೆಸಿಕೊಂಡು ದೊಡ್ಡ ತುಂಡನ್ನು ಆರಿಸಿ ಹಾಕಿದಳು. ಕಾಂತಾಮಣಿ ತಿಂದಳು. ಬೇಡವೆನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ.

ಯಜ್ಞೇಶ ಜುಲೈಯಲ್ಲಿ ಊರಿಗೆ ಹೋಗಿ, ಮಗಳ ಹುಟ್ಟುಹಬ್ಬವನ್ನು ಹಾಲ್ ಹಿಡಿದು ಮಾಡಿ, ಗುಂಡಗಾಗಿ ಬಂದ. ಹೊರಡುವ ಮುಂಚೆ ಕಪಾಟಿನ ಕೀ ಕೇಳಿ ತೆಗೆದುಕೊಂಡು ಹೋಗಿ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದ, ರಸೀದಿ ತಂದಿದ್ದ. ಅದನ್ನು ಕೊಡುವಾಗ ಅವನ ದನಿ ಮೊದಲಿನಂತೆಯೇ ಇತ್ತು. "ಇಂಥದ್ದೆಲ್ಲ ಎಳೀಬಾರ್ದು ಅತ್ತಿಗೆ. ಆವಾಗಲೇ ಮುಗಿಸ್ಬೇಕು." ಅದರ ನಂತರ ಕಾರಿನಲ್ಲಿ ಬಿಡುವುದೂ ನಿಂತಿತು.

ಆಗಸ್ಟಿನಲ್ಲಿ ಊರಿನ ನಂಬರಿನಿಂದ ತುಕ್ರ ಫೋನ್ ಮಾಡಿದ. ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ ಸೇರಿದ್ದಾನಂತೆ. ಒಳಗಿದ್ದಾಗ ಹೊಡೆದ ಪೆಟ್ಟಿಗೆ ಒಂದು ಕಿವಿ ಕೇಳಿಸುವುದಿಲ್ಲ, ಸ್ವಲ್ಪ ಜೋರಾಗಿ ಮಾತಾಡಿ ಎಂದ.

"ಕೋವಿ ವಿಷಯಕ್ಕಲ್ಲ ಅಮ್ಮಾ. ಅದು ಬೇಡ ನನಗೆ. ಒಂದೇ ಒಂದು ಕೇಳ್ಲಿಕ್ಕಿತ್ತು. ನಾನು ನಿಮಗೆ ಕಳಿಸಿದ ಮೆಸೇಜ್ ಅವರ ಕೈಗೆ ಹೇಗೆ ಹೋಯ್ತು?"

ಕೌಂಟರಿನ ಆಚೆ ಕೆನ್ನೆ ಊದಿಸಿಕೊಂಡ ಒಬ್ಬ ಮುದುಕ ಕೂತಿದ್ದ. ಕಾಂತಾಮಣಿ ಅವನಿಗೆ ಬೆನ್ನು ಹಾಕಿ, ಕಿವುಡನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ನನಗೆ ಗೊತ್ತಿಲ್ಲ ತುಕ್ರ. ನನ್ನ ಫೋನ್ ಕಳ್ದು ಹೋಗಿತ್ತು."

ಆ ಕಡೆ ಕಲ್ಲು ಕೊಯ್ಯುವ ಮೆಶಿನ್ನಿನ ಸದ್ದು ಬರುತ್ತಿತ್ತು.

"ಹಾಗಾ? ಎರಡು ತಿಂಗಳಿಂದ ನಾನು ನಿಮ್ಮನ್ನೇ ಬೈತಾ ಇದ್ದೆ ಅಮ್ಮಾ. ಪಾಪ, ನಿಮ್ಮ ಮೇಲೆ ಸಂಶಯ ಪಟ್ಟೆ. ತಪ್ಪಾಯ್ತು" ಎಂದ ತುಕ್ರ.

"ಪರವಾಗಿಲ್ಲ" ಎಂದಳು ಕಾಂತಾಮಣಿ.