ಅಮ್ಮನ ಪುಸ್ತಕದ ಅಂಚು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಅಂಟಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಪುಸ್ತಕಗಳಿಗೆ ಬೈಂಡು ಹಾಕಿದವಳ ಬೆರಳಲ್ಲಿ ಅಂಟಲ್ಲದೆ ಇನ್ನೇನಿರುತ್ತದೆ ಹೇಳಿ? ಇವಳ ಕೈ ಮುಟ್ಟಿದವರು ಬಿಡಿಸಿಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ ಎಂದು ಗಂಡ ತಮಾಷೆ ಮಾಡುತ್ತಿದ್ದ. ಮಾಡಿಕೊಳ್ಳಲಿ ಬಿಡಿ, ಮದುವೆಯಾದಾಗಿನಿಂದ ಅವನ ಹತ್ತಿರ ಇದ್ದದ್ದು ಅದೊಂದೇ ತಮಾಷೆ.

ಎರಡು ದಿನದ ದಾರಿಯಷ್ಟು ದೂರದ ಒಂದು ಊರಿಗೆ ಹೊಳೆ ನುಗ್ಗಿತು. ಜನ ಕಂಬಳಿ ಕಳಿಸಿದರು, ಔಷಧಿ ಕಳಿಸಿದರು. "ನಾವೇನು ಕಳಿಸೋಣ? ಒಂದು ಬಕೆಟ್ ಅಂಟಾ?" ಎಂದು ಗಂಡ ಕೇಳಿದ. ಅಂಟಕ್ಕನಿಗೆ ನಗು ಬರಲಿಲ್ಲ. ನೀರಿಳಿದ ಮನೆಗಳಲ್ಲಿ ಏನೇನು ನೆನೆದು ಮುದ್ದೆಯಾಗಿರುತ್ತದೆ ಎನ್ನುವುದು ಬೈಂಡು ಹಾಕುವವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಅಲ್ಲಿನ ಪರಿಹಾರ ಕೇಂದ್ರಕ್ಕೆ ತಾನೇ ಫೋನು ಮಾಡಿದಳು.

"ನೆನೆದ ಪುಸ್ತಕ ಎಸೀಬೇಡಿ. ಬಿಸಿಲಿಗೂ ಇಡಬೇಡಿ, ಇಟ್ರೆ ಇಟ್ಟಿಗೆ ಥರ ಆಗಿಬಿಡುತ್ತೆ. ಹಾಗೇ ಪ್ಲಾಸ್ಟಿಕ್ಕಲ್ಲಿ ಸುತ್ತಿ ಕಳಿಸಿ, ನಾನು ನೋಡ್ಕೋತೀನಿ."

ಹದಿನಾಲ್ಕು ಕಟ್ಟು ಬಂದವು. ಒಂದರಲ್ಲಿ ಮಕ್ಕಳ ಶಾಲೆಯ ಹಾಜರಿ ಪುಸ್ತಕ, ಇನ್ನೊಂದರಲ್ಲಿ ಯಾರದೋ ಮದುವೆ ಆಲ್ಬಮ್ಮು. ಹನ್ನೊಂದನೆಯದು ಉದ್ದನೆಯ ಒಂದು ನೋಟ್ ಪುಸ್ತಕ. ಅದರ ಜೊತೆ ಫೋನ್ ನಂಬರಿದ್ದ ಒಂದು ಚೀಟಿ: "ಅಮ್ಮ ಬರೆದದ್ದು. ಅಮ್ಮ ಹೊಳೆ ಪಾಲಾದರು. ಓದಲು ನನಗೆ ಧೈರ್ಯ ಬಂದಿಲ್ಲ. ಆದರೆ ಇದು ಬೇಕು."

ಪುಣ್ಯಕ್ಕೆ ಆ ತಾಯಿ ಪೆನ್ಸಿಲಿನಲ್ಲಿ ಬರೆದಿದ್ದಳು. ಶಾಯಿಯಾಗಿದ್ದರೆ ಎಲ್ಲ ತೊಳೆದು ಹೋಗುತ್ತಿತ್ತು. ಅಂಟಕ್ಕ ಒಂದೊಂದೇ ಹಾಳೆ ಬಿಡಿಸಿ, ನಡುವೆ ನೀರು ಹೀರುವ ಒತ್ತುಕಾಗದವಿಟ್ಟು, ಫ್ಯಾನಿನ ಗಾಳಿಗೆ ಹಿಡಿದು ಒಂಬತ್ತು ದಿನ ಒಣಗಿಸಿದಳು. ಕಂಡವರ ಬರಹ ಓದಬಾರದು ಎನ್ನುವುದು ಅವಳ ಕಸುಬಿನ ನಿಯಮ, ಹಾಗಾಗಿ ಓದಲಿಲ್ಲ. ಆದರೆ ಆ ತಾಯಿ ಕಾಗದದ ವಿಷಯದಲ್ಲಿ ಮಹಾ ಜಿಪುಣಿ, ಒಂದಿಷ್ಟೂ ಜಾಗ ಬಿಡದೆ ಅಂಚಿನವರೆಗೂ ಬರೆದಿದ್ದಾಳೆ ಎನ್ನುವುದನ್ನು ಕಂಡಿದ್ದಳು. ನೂರು ಸಲ ಕಂಡಿದ್ದಳು.

ಹಾಗಿದ್ದೂ ಏನು ಮಾಡಿದಳು ಗೊತ್ತೇ? ಹಾಳೆಗಳನ್ನು ಹೊಲಿದು, ಬೆನ್ನಿಗೆ ಅಂಟು ಬಳಿದು, ಎತ್ತಿಕೊಂಡು ಹೋಗಿ ಕತ್ತರಿಸುವ ಯಂತ್ರಕ್ಕಿಟ್ಟು ಹಿಡಿ ಎಳೆದುಬಿಟ್ಟಳು. ಹೊಲಿಗೆಯಾದ ಮೇಲೆ ಅಂಚು ಸಮ ಮಾಡುವುದು, ಮೂವತ್ತೆಂಟು ವರ್ಷ ಮಾಡಿದ್ದು ಅದೇ. ಕೆಸರು ಹತ್ತಿದ ಅಂಚು ಹೋಗಿ ಪುಸ್ತಕ ಹೊಸದರಂತಾಯಿತು. ಅದನ್ನು ನೋಡಿ ಖುಷಿಪಟ್ಟು ಮನೆಗೆ ಹೋಗಿ ಉಂಡು ಮಲಗಿದಳು, ಪುಣ್ಯಾತ್ಗಿತ್ತಿ.

ಮಾರನೆಯ ದಿನ ರಟ್ಟು ಹಾಕಲು ಪುಸ್ತಕ ತೆರೆದಾಗ ತಾನು ಮಾಡಿದ್ದು ಕಂಡಿತು. ಬಲಪುಟದಲ್ಲಿ ಎಲ್ಲ ಸಾಲುಗಳ ಕೊನೆ ಇಲ್ಲ. ಎಡಪುಟದಲ್ಲಿ ಎಲ್ಲ ಸಾಲುಗಳ ಮೊದಲಿಲ್ಲ. ಓಡಿ ಹೋಗಿ ನೋಡಿದರೆ ಕಾಗದದ ಚೂರು ತುಂಬುವ ಚೀಲವೂ ಇಲ್ಲ.

"ಬೆಳಿಗ್ಗೆ ಗುಜರಿಯವನು ಬಂದಿದ್ದ, ಕೊಟ್ಟು ಕಳಿಸಿದೆ" ಎಂದ ಗಂಡ. ಅವಳ ಮುಖ ನೋಡಿ ಅವನಿಗೂ ಅರ್ಥವಾಯಿತು. "ಅಳಬೇಡ ಕಣೇ. ಅಂಚೆಲ್ಲ ನೀರಲ್ಲಿ ಕೊಳೆತು ಹೋಗಿತ್ತು ಅಂದ್ರಾಯ್ತು. ಯಾರು ಬಂದು ನೋಡ್ತಾರೆ?"

"ನೀರು ಮಾಡಿದ್ದು ಸಾಲ್ದಾ? ನಾನು ಮಾಡಿದ್ದನ್ನೂ ಅದರ ತಲೆಗೇ ಕಟ್ಟಬೇಕಾ? ಸುಮ್ನಿರ್ರೀ."

ಬೈದಳೇನೋ ಹೌದು. ಆದರೆ ಚೀಟಿಯಲ್ಲಿದ್ದ ನಂಬರನ್ನು ಎರಡು ಸಲ ತಪ್ಪು ಒತ್ತಿ, ಮೂರನೆಯ ಸಲ ಸರಿಯಾಗಿ ಒತ್ತಿದಳು. ಆ ಕಡೆ ಒಂದು ಎಳೆಯ ದನಿ. ಅಂಟಕ್ಕ ಸುತ್ತುಬಳಸಿ ಹೇಳಲಿಲ್ಲ.

"ಮಗಳೇ, ನಿಮ್ಮಮ್ಮನ ಪುಸ್ತಕ ಒಣಗಿತ್ತು. ಚೆನ್ನಾಗೇ ಇತ್ತು. ನಾನೇ ಬುದ್ಧಿಗೆಟ್ಟು ಅಂಚು ಕತ್ತರಿಸಿಬಿಟ್ಟೆ. ಒಂದೊಂದು ಸಾಲಲ್ಲೂ ಎರಡೆರಡು ಅಕ್ಷರ ಹೋಗಿದೆ."

ಹುಡುಗಿ, "ಕೊನೇ ಪುಟ ಇದೆಯಾ? ಅದೊಂದು ಓದ್ತೀರಾ?" ಎಂದಳು.

ಅಂಟಕ್ಕ ಕನ್ನಡಕ ಹಾಕಿಕೊಂಡು ಓದಿದಳು. "'ಇವತ್ತು ಮಗಳ ಜೊತೆ ಜಗಳ. ಬ್ಯಾಗು ತಗೊಂಡು ಹೊರಟೇ ಹೋದಳು. ತಪ್ಪು...' ಆಮೇಲಿನ ಮಾತು ಕತ್ತರಿಸಿ ಹೋಗಿದೆ ತಾಯಿ."

"ಯಾರದು ತಪ್ಪು ಅಂತ ಬರೆದಿದ್ರು?" ಎಂದಳು ಹುಡುಗಿ. "ಅವತ್ತು ನಾನು ಬಾಯಿಗೆ ಬಂದ ಹಾಗೆ ಮಾತಾಡಿ ಹೋದೆ ಅಕ್ಕಾ. ಮಾರನೇ ದಿನವೇ ನೀರು ಬಂತು. ನನ್ನ ಮೇಲಿನ ಸಿಟ್ಟಲ್ಲೇ ಹೋದ್ರೇನೋ ಅಂತ ಅದನ್ನ ತೆರೆಯೋಕೇ ಆಗಿಲ್ಲ."

ಅಂಟಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹುಡುಕಿ ಕೊಡ್ತೀನಿ" ಎಂದುಬಿಟ್ಟಳು. ಎಲ್ಲಿಂದ ತಂದು ಕೊಡುತ್ತಾಳೋ ಅವಳಿಗೇ ಗೊತ್ತಿರಲಿಲ್ಲ.

ಗುಜರಿಯವನ ಶೆಡ್ಡಿನಲ್ಲಿ ಕಾಗದ ಚಾವಣಿ ಮುಟ್ಟುವಷ್ಟಿತ್ತು. ಅವರ ಚೀಲವನ್ನು ಅವನು ಆಗಲೇ ರಾಶಿಗೆ ಸುರಿದಿದ್ದ. ಗಂಡ ಹೆಂಡತಿ ಅಂಗಡಿಗೆ ಬೀಗ ಜಡಿದು ಬಂದು ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅಂಚಿನ ಪಟ್ಟಿಗಳು ಒಂದೇ ಎರಡೇ! ಆದರೆ ಇವರಿಗೆ ಬೇಕಾದವಕ್ಕೆ ಹೊಳೆಯ ಕೆಂಪು ಕೆಸರು ಹತ್ತಿತ್ತು. ಯಾವ ಕೊಳೆಯನ್ನು ತೆಗೆದೆನೆಂದು ಖುಷಿಪಟ್ಟಿದ್ದಳೋ ಈಗ ಅದನ್ನೇ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದಳು. ಮೂರು ದಿನದಲ್ಲಿ ತೊಂಬತ್ತಾರು ಪಟ್ಟಿಗಳಲ್ಲಿ ತೊಂಬತ್ತೈದು ಸಿಕ್ಕವು. ಒಂದೊಂದನ್ನೂ ಅದರದರ ಹಾಳೆಗೆ ಜೋಡಿಸಿ ನೋಡಿದಳು. ಸಿಗದೆ ಉಳಿದದ್ದು ಕೊನೆಯ ಹಾಳೆಯದೇ.

"ಲೇ, 'ನಂದು' ಅಂತ ನೀನೇ ಬರೆದು ಅಂಟಿಸಿಬಿಡೇ" ಎಂದ ಗಂಡ. ಈ ಸಲ ತಮಾಷೆಗಲ್ಲ, ಅವನ ಕಣ್ಣೂ ಒದ್ದೆಯಾಗಿತ್ತು. "ಆ ಮಗುವಿನ ಹೊಟ್ಟೆ ತಣ್ಣಗಾಗಲಿ."

ಅಂಟಕ್ಕನಿಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಪೆನ್ಸಿಲನ್ನು ಕೈಗೂ ತೆಗೆದುಕೊಂಡಳು. ಆ ತಾಯಿಯ ಅಕ್ಷರ ಕಲಿಯುವುದು ಕಷ್ಟವೇನಾಗಿರಲಿಲ್ಲ. ಒಂದು ಗಳಿಗೆ ಹಾಗೇ ಕೂತಿದ್ದು ಪೆನ್ಸಿಲನ್ನು ಕೆಳಗಿಟ್ಟಳು.

"ಅವರಮ್ಮ ಹೇಳಿದ ಮಾತು ಬೇಕು ಅಂತ ಕೇಳಿದಾಳೆ. ನನ್ನ ಮಾತು ಯಾರಿಗೆ ಬೇಕು?"

ನಾಲ್ಕನೆಯ ದಿನ ಗಂಡ ಹೇಳದೆ ಕೇಳದೆ ಒಬ್ಬನೇ ಶೆಡ್ಡಿಗೆ ಹೋದ. ಮಧ್ಯಾಹ್ನ ಬಂದಾಗ ತಲೆಯಿಂದ ಕಾಲಿನವರೆಗೆ ಧೂಳು. ಅಂಗಿಯ ಜೇಬಿನಿಂದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಆಕ್ಷೀ ಎಂದು ಸೀನಿದ.

"ತಕ್ಕಡಿಗೆ ಅಂಟ್ಕೊಂಡಿತ್ತು ಕಣೇ. ನಾನು ಓದಿಲ್ಲ. ನನಗೆ ಧೈರ್ಯ ಇಲ್ಲ, ನೀನೇ ನೋಡು."

ಅಂಟಕ್ಕ ಪಟ್ಟಿಯನ್ನು ಹಾಳೆಯ ಪಕ್ಕಕ್ಕೆ ಸರಿಸಿದಳು. ಗೆರೆಗೆ ಗೆರೆ ಕೂಡಿತು, ಕತ್ತರಿಸಿ ಅರ್ಧವಾಗಿದ್ದ ಅಕ್ಷರಗಳು ಒಂದಾದವು. ಕೊನೆಯ ಸಾಲು ಓದಿದಳು, ಕೆಳಗೆ ಜಾಗ ಸಾಲದೆ ಆ ತಾಯಿ ಪುಸ್ತಕ ತಿರುಗಿಸಿ ಅಂಚಿನುದ್ದಕ್ಕೂ ಅಡ್ಡಡ್ಡ ಬರೆದಿದ್ದನ್ನೂ ಓದಿದಳು. ಅಂಟು ಒಣಗುವವರೆಗೆ ಕಾಯುವ ತಾಳ್ಮೆಯೂ ಉಳಿಯಲಿಲ್ಲ, ಒಂದು ಕೈಯಲ್ಲಿ ಪಟ್ಟಿ ಒತ್ತಿ ಹಿಡಿದುಕೊಂಡೇ ಫೋನು ಮಾಡಿದಳು.

"ಸಿಕ್ತು ಮಗಳೇ. ಕೂತ್ಕೊಂಡಿದೀಯಾ? ಕೂತ್ಕೋ. ಓದ್ತೀನಿ ಕೇಳು. 'ಇವತ್ತು ಮಗಳ ಜೊತೆ ಜಗಳ. ಬ್ಯಾಗು ತಗೊಂಡು ಹೊರಟೇ ಹೋದಳು. ತಪ್ಪು ನಂದೇ. ಎರಡು ದಿನ ಬಿಟ್ಟು ನಾನೇ ಹೋಗಿ ಕರ್ಕೊಂಡು ಬರ್ತೀನಿ.' ಅಷ್ಟೇ ಇರೋದು."

ಆ ಕಡೆ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಅಂಟಕ್ಕ ಸಮಾಧಾನ ಹೇಳಲು ಹೋಗಲಿಲ್ಲ, ಅಳುವಷ್ಟು ಅಳಲೆಂದು ಬಿಟ್ಟಳು.

"ಅಕ್ಕಾ" ಎಂದಳು ಹುಡುಗಿ ಕೊನೆಗೆ, "ಇನ್ನೊಂದು ಸಲ ಓದ್ತೀರಾ?"

ಅಂಟಕ್ಕ ಓದಿದಳು. ಹುಡುಗಿ ಮತ್ತೆ ಕೇಳಿದಳು, ಇವಳು ಮತ್ತೆ ಓದಿದಳು.