ಅತ್ತೆಯ ಕಿವಿಗೆ ಕೇಳಿಸಿದ್ದು

ಬೆಸುಗೆಯ ಹೊಗೆ ಮೂಗಿಗೆ ಅಡರುತ್ತಿದೆ, ಕಿಟಕಿ ತೆರೆಯಬೇಕಿತ್ತು, ಇರಲಿ, ಕೈ ಬಿಟ್ಟರೆ ತಂತಿ ಜಾರುತ್ತದೆ — ಊಟದ ಮೇಜಿನ ಮೇಲೆ ಎರಡು ಫೋನುಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿವೆ, ಒಳಗೇನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಫೋನು ಮಾಡುತ್ತೇವೆಂದು ಹೊರಟವರು ಅವಳೂ ಅವಳ ಕೆಲಸದ ಜೊತೆಗಾರನೂ, ಯಾವ ಚಿಪ್ ಹಾಕುವುದೆಂದು ಅವಳು ಇವತ್ತು ಹೇಳಲೇಬೇಕಿತ್ತು, ನಿನ್ನೆಯೇ ಹೇಳಿಬಿಡುತ್ತಿದ್ದಳು, ಎಲ್ಲವೂ ಒಂದರೊಳಗೇ ಇರುವ ಆ ಹೊಸದು, ತೆಳ್ಳಗೆ, ಚುರುಕಾಗಿ, ಜೊತೆಗಾರ ಅದಕ್ಕೆ ಮುತ್ತು ಕೊಡುವುದೊಂದು ಬಾಕಿ, ಇನ್ನೊಂದು ಹಳೆಯದು, ಟವರಿನ ಜೊತೆ ಮಾತಾಡುವ ರೇಡಿಯೋ ಚಿಪ್ ಬೇರೆಯೇ, ನಿಧಾನ, ದಪ್ಪ, ಫೋನ್ ಮಾಡ್ತಿದ್ದೀವಾ ಇಟ್ಟಿಗೆ ಮಾಡ್ತಿದ್ದೀವಾ ಎಂದಿದ್ದ, ನಕ್ಕು ಒಪ್ಪಿಯೂ ಬಿಟ್ಟಿದ್ದಳು, ಆಗಲೇ ಎದುರಿಗೆ ಬಟಾಣಿ ಸುಲಿಯುತ್ತಿದ್ದ ಅತ್ತೆ ಕೈಯನ್ನು ಕಿವಿಗೆ ಒಯ್ದದ್ದು — ಆರಿಸಿದೆ ಅಂದ್ಯಲ್ಲ, ಇನ್ನೂ ಗೊರಗೊರ ಅಂತಿದೆ ಕಣೇ — ಇಲ್ಲ ಅತ್ತೆ, ಈ ಹೊಸದರ ರೇಡಿಯೋ ಸ್ವಿಚ್ ಆರಿಸಿದ್ದೀನಿ, ಪರದೆ ಮೇಲೂ ಹಾಗೇ ಬರೆದಿದೆ, ನಿಮ್ಮ ಕಿವಿ ಮಿಷನ್ನೇ ಕೆಟ್ಟಿರಬೇಕು. ಛೆ, ಎಂಥ ಮಾತಾಡಿದೆ. ಅತ್ತೆಗೆ ಸಿಟ್ಟು ಬರಲಿಲ್ಲ, ಅದನ್ನ ಆ ಕೋಣೇಲಿಟ್ಟು ಬಾ ಎಂದರು, ಇಟ್ಟು ಬಂದಳು, ಈಗಿಲ್ಲ, ತಂದಳು, ಈಗಿದೆ — ಫೋನು ಟವರಿನ ಜೊತೆ ಮಾತಾಡುವಾಗಲೆಲ್ಲ ಅತ್ತೆಯ ಕಿವಿ ಮಿಷನ್ನಿನಲ್ಲಿ ಏಳುವ ಅದೇ ಸದ್ದು, ಅಂದರೆ ಈ ಸ್ವಿಚ್ ಕರೆಂಟು ಕಡಿಯುವುದೇ ಇಲ್ಲ, ಮಲಗಪ್ಪಾ ಎಂದು ಚಿಪ್ಪನ್ನು ಕೇಳಿಕೊಳ್ಳುತ್ತದೆ ಅಷ್ಟೇ, ಅದು ಹೂಂ ಎಂದು ಕಣ್ಣು ಬಿಟ್ಟುಕೊಂಡೇ ಇರುತ್ತದೆ, ಪರದೆಯ ಮೇಲಿನ ಅಕ್ಷರ ನೋಡಿ ಅವಳು ನಂಬಿದ್ದಳು.

ತಂಗಿಗಾಗಿಯೇ ಅಲ್ಲವೇ ಇದೆಲ್ಲ ಶುರುವಾದದ್ದು, ಅವಳು ಬಿಟ್ಟು ಬಂದ ಗಂಡ, ಎಲ್ಲಿ ಮನೆ ಮಾಡಿದರೂ ಬಾಗಿಲಲ್ಲಿ ಹಾಜರು, ನಿನ್ನ ಫೋನೇ ದಾರಿ ತೋರಿಸ್ತು ಎಂದು ಹಲ್ಲು ಕಿರಿಯುತ್ತಿದ್ದನಂತೆ, ಅಂದಿನಿಂದ ಫೋನು ಮುಟ್ಟದವಳು, ನೀನು ಮಾಡಿಕೊಟ್ರೆ ಇಟ್ಕೊಳ್ತೀನಿ ಅಕ್ಕ ಎಂದವಳು, ಆರಿಸಿದ್ದೇನೆಂಬ ಧೈರ್ಯದಲ್ಲಿ ಆ ಹೊಸದನ್ನು ಚೀಲದಲ್ಲಿಟ್ಟುಕೊಂಡು — ಅಯ್ಯೋ ಬೇಡ, ಹಾಗಾಗಲಿಲ್ಲವಲ್ಲ, ಅತ್ತೆ ಇದ್ದರಲ್ಲ, ಪುಣ್ಯಾತ್ಗಿತ್ತಿ, ಅವರ ಹೊಟ್ಟೆ ತಣ್ಣಗಿರಲಿ, ಸೊಸೆಯ ತಂಗಿಗೆ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟು ನಡುಮನೆಯಲ್ಲಿ ಮಲಗುವ ಅತ್ತೆ ಯಾರಿಗೆ ಸಿಗುತ್ತಾರೆ, ಬೆಳಿಗ್ಗೆಯಿಂದ ಅದೇ ಕಣ್ಣ ಮುಂದೆ, ಬಟಾಣಿ ಬಿಟ್ಟು ಕಿವಿಗೆ ಹೋದ ಆ ಕೈ. ದಪ್ಪವೇ ಇರಲಿ, ನಿಧಾನವೇ ಇರಲಿ, ಬೇರೆ ಚಿಪ್ಪೇ ಸರಿ, ಅದಕ್ಕೆ ಹೋಗುವ ಕರೆಂಟಿನ ದಾರಿಯಲ್ಲೇ ಸ್ವಿಚ್ ಕೂರಲಿ, ಬೆಳಿಗ್ಗೆ ಫೋನಿನಲ್ಲಿ ಹೇಳಿದಾಗ ಜೊತೆಗಾರ, ಸರಿ ಬಿಡು, ದೊಡ್ಡ ಜೇಬಿನ ಅಂಗಿ ಹೊಲಿಸ್ಕೊಳ್ತೀನಿ ಎಂದ, ಅವನಿಗೂ ಒಳ್ಳೆಯದಾಗಲಿ — ಕೂತಿತು, ತಂತಿ ಕೂತಿತು. ತಂಗಿ ಅತ್ತೆಯ ಪಕ್ಕದಲ್ಲಿ ಕುರ್ಚಿಯ ತುದಿಯಲ್ಲಿದ್ದಾಳೆ, ಇವಳು ಸ್ವಿಚ್ ಹಾಕಿದಳು, ಅತ್ತೆಯ ಕೈ ಕಿವಿಗೆ, ಗೊರಗೊರ ಇದೆ ಎಂದರು, ಆರಿಸಿದಳು, ಇಲ್ಲ, ಏನೂ ಇಲ್ಲ ಎಂದರು, ತಂಗಿ ಮೆಲ್ಲಗೆ ಫೋನನ್ನು ಎತ್ತಿಕೊಂಡಳು, ಎಷ್ಟು ದಿನದ ಮೇಲೆ, ಮಡಿಲಲ್ಲಿಟ್ಟುಕೊಂಡಳು, ಸಾಕು ಅತ್ತೆ, ಗೊತ್ತಾಯ್ತಲ್ಲ, ಕೈ ಇಳಿಸಿ — ತಾಳೇ, ಇದು ಈ ಮಗು ಇಟ್ಕೊಳ್ಳೋದು, ಇನ್ನೊಂದಿಷ್ಟು ಹೊತ್ತು ಕೇಳ್ತೀನಿ — ಕೈ ಇಳಿಯಲಿಲ್ಲ, ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ ಅತ್ತೆ, ಕಿವಿಯ ಮೇಲೆ ಕೈ, ಅದೇ ಕೈ.